ಬೆಳವಣಿಗೆ ಕಾರಕಗಳು, ಹರಿದ ಅಸ್ಥಿರಜ್ಜು ಮತ್ತು ಒಂದು ಕರಪತ್ರ

ಕಳೆದ ವರ್ಷ, ಹೊಲಗಳಲ್ಲಿ ಅರಿಶಿನ ಕೀಳುವ ಕೆಲಸ ಜೋರಾಗಿದ್ದ ದಿನಗಳಲ್ಲಿ, ಗುಂಡ್ಲುಪೇಟೆ ಕಡೆಯ ರೈತರೊಬ್ಬರು ನಮ್ಮ ಶಾಲೆಗೆ ಬಂದರು. ಅವರ ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಕಬಡ್ಡಿ ಆಡುವಾಗ ಎದುರಾಳಿ ಹುಡುಗಿ ಹೊರಬದಿಯಿಂದ ಅವಳ ಮಂಡಿಯ ಮೇಲೆ ಬಿದ್ದಿದ್ದಳು. ಮಂಡಿಯ ಒಳಬದಿ ಊದಿಕೊಂಡಿತ್ತು. ಮನೆಯಲ್ಲಿ ಅರಿಶಿನ ಅರೆದು ಹಚ್ಚಿದ್ದರು, ಪಕ್ಕದ ಊರಿನಲ್ಲಿ ಉಳುಕು ತೆಗೆಯುವವರಿಂದ ಕಟ್ಟು ಹಾಕಿಸಿದ್ದರು. ಅಷ್ಟರಲ್ಲಿ ಯಾರೋ ಅವರ ಕೈಗೆ ಒಂದು ಕರಪತ್ರ ಕೊಟ್ಟಿದ್ದರು. ಅದನ್ನು ಮೇಜಿನ ಮೇಲಿಟ್ಟು ಕೇಳಿದರು: "ಮೇಷ್ಟ್ರೇ, ಇದ್ರಲ್ಲಿ ಬೆಳವಣಿಗೆ ಬೆಳವಣಿಗೆ ಅಂತ ಬರ್ದವ್ರೆ. ಮಗು ಕಾಲು ಉದ್ದ ಆಯ್ತದೋ, ಇಲ್ಲ ವಾಸಿ ಆಯ್ತದೋ?"

ನಗುವ ಪ್ರಶ್ನೆಯಲ್ಲ ಇದು. ಕರಪತ್ರದಲ್ಲಿದ್ದುದು ಒಂದು ಬಗೆಯ ಚುಚ್ಚುಮದ್ದಿನ ವಿಷಯ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಪ್ಲೇಟ್‌ಲೆಟ್‌ಗಳು ಹೆಚ್ಚಿರುವ ಪಾಲನ್ನು ಗಾಯದ ಜಾಗಕ್ಕೆ ಚುಚ್ಚುವುದು. ಪಿಆರ್‌ಪಿ ಎಂದು ಇದರ ಹೆಸರು. ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ ಎಂದು ಬಿಡಿಸಿ ಹೇಳಬಹುದು. ಮೂರು ಸಲ ಚುಚ್ಚಿಸಿಕೊಳ್ಳಬೇಕೆಂದು ಸೂಚನೆ. ಖರ್ಚು ಆ ವರ್ಷದ ಅರಿಶಿನದ ಲಾಭವನ್ನು ಪೂರ್ತಿ ನುಂಗುವಷ್ಟು. ಕರಪತ್ರ ಹೇಳುತ್ತಿದ್ದುದರ ಸಾರ ಮೂರು ಮಾತುಗಳಲ್ಲಿ ಮುಗಿಯುತ್ತದೆ: ಬೆಳವಣಿಗೆ ಅಂಶಗಳು ಹರಿದ ಅಸ್ಥಿರಜ್ಜುವನ್ನು ಮತ್ತೆ ಬೆಳೆಸುತ್ತವೆ, ಅಸ್ಥಿರಜ್ಜುವಿಗೆ ರಕ್ತದ ಸರಬರಾಜು ಇಲ್ಲದ್ದರಿಂದ ಅದು ತಾನಾಗಿ ಕೂಡುವುದಿಲ್ಲ, ಇದು ನಿಮ್ಮದೇ ರಕ್ತವಾದ್ದರಿಂದ ಗುಣ ಖಚಿತ.

ಇವೇ ಮೂರು ಮಾತುಗಳನ್ನು ನಾನು ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಓದಿದ್ದೇನೆ, ಶಿಕ್ಷಕರ ತರಬೇತಿಯಲ್ಲೂ ಕೇಳಿದ್ದೇನೆ. ಆದ್ದರಿಂದ ಈ ಲೇಖನದ ವಿಮರ್ಶೆ ಕರಪತ್ರವೊಂದರದ್ದಲ್ಲ; ಈ ವಿಷಯವನ್ನು ನಾವೆಲ್ಲ ಹೇಳಿಕೊಂಡು ಬಂದಿರುವ ರೀತಿಯದ್ದು. ನಮ್ಮ ಪಠ್ಯಪುಸ್ತಕವೂ ಇದರಿಂದ ಹೊರತಲ್ಲ ಎಂಬುದನ್ನು ಮುಂದೆ ನೋಡುವಿರಿ.

ಹೆಸರಿನಲ್ಲೇ ತೊಡಕು

ಆ ರೈತರ ಗೊಂದಲಕ್ಕೆ ಕಾರಣ ಪದ. 'ಬೆಳವಣಿಗೆ ಅಂಶ' ಎಂದಾಗ ನಮ್ಮ ಕಿವಿಗೆ ಕೇಳಿಸುವುದು ಗೊಬ್ಬರದಲ್ಲಿರುವ ಸಾರಜನಕದಂತಹ ಒಂದು ಪೋಷಕ ವಸ್ತು. ಹಾಕಿದರೆ ಬೆಳೆಯುತ್ತದೆ, ಹೆಚ್ಚು ಹಾಕಿದರೆ ಹೆಚ್ಚು ಬೆಳೆಯುತ್ತದೆ. ಇನ್ನು ಕೆಲವರು ಇದನ್ನು ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನಿನೊಂದಿಗೆ ಬೆರೆಸುತ್ತಾರೆ. ಎರಡೂ ತಪ್ಪು. ಬೆಳವಣಿಗೆ ಕಾರಕಗಳು ಜೀವಕೋಶಗಳು ಸ್ರವಿಸುವ ಪ್ರೋಟೀನುಗಳು. ಇವುಗಳಲ್ಲಿ ಹೆಚ್ಚಿನವು ರಕ್ತದಲ್ಲಿ ದೂರ ಸಾಗಿ ಕೆಲಸ ಮಾಡುವುದಿಲ್ಲ. ಅಕ್ಕಪಕ್ಕದ ಕೋಶಗಳ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ಅಂಟಿ, ಆ ಕೋಶಕ್ಕೆ ಒಂದು ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಕೇಳಿದ ಕೋಶ ವಿಭಜನೆಯಾಗಬಹುದು, ಸರಿದುಹೋಗಬಹುದು, ಕೊಲಾಜೆನ್ ನೇಯಬಹುದು, ಕೆಲವೊಮ್ಮೆ ವಿಭಜನೆಯನ್ನು ನಿಲ್ಲಿಸಲೂಬಹುದು.

'ಕಾರಕ' ಎಂಬ ಪದವನ್ನು ನಾನು ಒಪ್ಪುವುದು ಇದಕ್ಕಾಗಿ. ವ್ಯಾಕರಣ ಓದಿದವರಿಗೆ ಗೊತ್ತು, ನಾಮಪದ ಯಾವ ಕಾರಕ ಎನ್ನುವುದು ಕ್ರಿಯಾಪದದ ಜೊತೆಗಿನ ಸಂಬಂಧದಿಂದ ತೀರ್ಮಾನವಾಗುತ್ತದೆ. ಒಂದೇ 'ಮರ' ಒಂದು ವಾಕ್ಯದಲ್ಲಿ ಕರ್ತೃ, ಇನ್ನೊಂದರಲ್ಲಿ ಕರ್ಮ. ಈ ಪ್ರೋಟೀನುಗಳೂ ಹಾಗೆಯೇ. ಯಾವ ಕೋಶ, ಯಾವ ಹೊತ್ತು, ಸುತ್ತ ಏನಿದೆ ಎಂಬುದರ ಮೇಲೆ ಅವುಗಳ ಅರ್ಥ ಬದಲಾಗುತ್ತದೆ.

ಈ ಕ್ಷೇತ್ರದ ಇತಿಹಾಸವೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ, ಯೆಹೂದಿಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದಾಗ, ರೀಟಾ ಲೆವಿ-ಮೊಂಟಾಲ್ಚೀನಿ ತಮ್ಮ ಮಲಗುವ ಕೋಣೆಯಲ್ಲೇ ಕೋಳಿಯ ಭ್ರೂಣಗಳ ಮೇಲೆ ಪ್ರಯೋಗ ನಡೆಸಿದರು. ಮುಂದೆ 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಟ್ಯಾನ್ಲಿ ಕೊಹೆನ್ ಅವರೊಂದಿಗೆ ನರ ಬೆಳವಣಿಗೆ ಕಾರಕವನ್ನು ಬೇರ್ಪಡಿಸಿದರು. ಅಲ್ಲಿ ಒಂದು ಸ್ವಾರಸ್ಯವಿದೆ. ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬಳಸಿದರು. ನೋಡಿದರೆ ವಿಷದಲ್ಲೇ ಆ ಕಾರಕ ಧಾರಾಳವಾಗಿತ್ತು! ಇಲಿಯ ಲಾಲಾಗ್ರಂಥಿಯಲ್ಲೂ ಸಿಕ್ಕಿತು. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಪ್ರಯೋಗ 1974ರದು. ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಕೋತಿಯ ಅಪಧಮನಿಯ ನಯಸ್ನಾಯು ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಹೆಪ್ಪುಗಟ್ಟಿದ ರಕ್ತದಿಂದ ಪಡೆದ ಸೀರಂ ಹಾಕಿದರೆ ಕೋಶಗಳು ಚೆನ್ನಾಗಿ ವಿಭಜಿಸುತ್ತಿದ್ದವು. ಪ್ಲೇಟ್‌ಲೆಟ್‌ಗಳನ್ನು ಮೊದಲೇ ತೆಗೆದುಹಾಕಿದ ಪ್ಲಾಸ್ಮಾದಿಂದ ಪಡೆದ ಸೀರಂ ಹಾಕಿದರೆ ಸುಮ್ಮನಿರುತ್ತಿದ್ದವು. ಆ ಎರಡನೆಯದಕ್ಕೆ ಪ್ಲೇಟ್‌ಲೆಟ್‌ಗಳನ್ನು ಮರಳಿ ಸೇರಿಸಿದಾಗ ಮತ್ತೆ ವಿಭಜನೆ. ಒಂದನ್ನು ಕಳೆದು ನೋಡು, ಮತ್ತೆ ಕೂಡಿಸಿ ನೋಡು: ನಿಯಂತ್ರಿತ ಪ್ರಯೋಗವೆಂದರೆ ಏನೆಂದು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪಿಡಿಜಿಎಫ್, ಅಂದರೆ ಪ್ಲೇಟ್‌ಲೆಟ್ ಮೂಲದ ಬೆಳವಣಿಗೆ ಕಾರಕ, ಹೀಗೆ ಬೆಳಕಿಗೆ ಬಂತು. ಇಂದಿನ ಪಿಆರ್‌ಪಿ ಚುಚ್ಚುಮದ್ದಿನ ತರ್ಕವೆಲ್ಲ ಈ ತಟ್ಟೆಯಿಂದ ಹೊರಟದ್ದು. ಆದರೆ ತಟ್ಟೆಗೂ ಮಂಡಿಗೂ ದೂರವಿದೆ.

ಪಠ್ಯಪುಸ್ತಕದ ಒಂದು ತಪ್ಪು

ಹಲವು ವರ್ಷ ನಾವು ಪಾಠ ಮಾಡಿದ ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದ ಅಂಗಾಂಶಗಳ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಸ್ಥಿರಜ್ಜು ಮೂಳೆಗೆ ಮೂಳೆಯನ್ನು, ಸ್ನಾಯುರಜ್ಜು ಮೂಳೆಗೆ ಸ್ನಾಯುವನ್ನು ಜೋಡಿಸುತ್ತದೆ ಎನ್ನುವಷ್ಟರಲ್ಲಿ ತಕರಾರಿಲ್ಲ. ಆದರೆ ಅಸ್ಥಿರಜ್ಜು ಬಹಳ ಸ್ಥಿತಿಸ್ಥಾಪಕ, ಅದರಲ್ಲಿ ಮಾತೃಕೆ ಬಹಳ ಕಡಿಮೆ ಎಂಬ ಅರ್ಥದ ಮಾತು ಅಲ್ಲಿದೆ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ.

ನಿಜ ಸಂಗತಿ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ. ಅಸ್ಥಿರಜ್ಜುವಿನಲ್ಲಿ ಕಡಿಮೆ ಇರುವುದು ಕೋಶಗಳು, ತುಂಬಿರುವುದೇ ಮಾತೃಕೆ. ಅದರ ತೂಕದ ಸುಮಾರು ಮೂರನೇ ಎರಡು ಪಾಲು ನೀರು. ಒಣಗಿಸಿದರೆ ಉಳಿಯುವುದರಲ್ಲಿ ಮುಕ್ಕಾಲು ಪಾಲಿನಷ್ಟು ಕೊಲಾಜೆನ್, ಅದರಲ್ಲೂ ಬಹುಪಾಲು ಒಂದನೆಯ ಬಗೆಯ ಕೊಲಾಜೆನ್. ರಬ್ಬರಿನಂತೆ ಹಿಗ್ಗುವ ಇಲಾಸ್ಟಿನ್ ಮಂಡಿಯ ರಜ್ಜುಗಳಲ್ಲಿ ಅತ್ಯಲ್ಪ. ಬೆನ್ನುಮೂಳೆಯ ಕೆಲವು ಹಳದಿ ರಜ್ಜುಗಳಲ್ಲಿ ಮಾತ್ರ ಅದು ಹೆಚ್ಚು. ಮಂಡಿಯೊಳಗಿನ ಮುಂದಿನ ಅಡ್ಡರಜ್ಜು, ವೈದ್ಯರು ಎಸಿಎಲ್ ಎನ್ನುವುದು, ಯುವಕರಲ್ಲಿ ಸುಮಾರು 2160 ನ್ಯೂಟನ್ ಬಲಕ್ಕೆ ಹರಿಯುತ್ತದೆಂದು ಅಮೆರಿಕದ ಸಾವಿಯೋ ವೂ ಮತ್ತು ಸಂಗಡಿಗರು 1991ರಲ್ಲಿ ಅಳೆದು ತೋರಿಸಿದರು. ಇದು 220 ಕಿಲೋಗ್ರಾಂ ತೂಗುಹಾಕಿದಷ್ಟು. ಅರವತ್ತು ದಾಟಿದವರ ರಜ್ಜುಗಳಲ್ಲಿ ಅದೇ ಸಂಖ್ಯೆ 658 ನ್ಯೂಟನ್‌ಗೆ ಇಳಿದಿತ್ತು. ಆ ಬಲ ಬರುವುದು ಕೋಶಗಳಿಂದಲ್ಲ. ಸಾಲಾಗಿ, ಒಂದೇ ದಿಕ್ಕಿಗೆ ಜೋಡಿಸಿದ ಕೊಲಾಜೆನ್ ಎಳೆಗಳಿಂದ.

ಇದು ಬರಿಯ ಶಬ್ದಜಗಳವಲ್ಲ. ಮಾತೃಕೆ ಕಡಿಮೆ ಎಂದು ನಂಬಿದ ವಿದ್ಯಾರ್ಥಿಗೆ ಅಸ್ಥಿರಜ್ಜು ವಾಸಿಯಾಗುವುದೆಂದರೆ ಕೋಶಗಳು ಹೆಚ್ಚುವುದು ಎಂದೇ ತೋರುತ್ತದೆ. ಆಗ 'ಕೋಶಗಳನ್ನು ಹೆಚ್ಚಿಸುವ ವಸ್ತು' ಎಂದರೆ 'ರಜ್ಜುವನ್ನು ಕೂಡಿಸುವ ವಸ್ತು' ಎಂದು ಕರಪತ್ರ ಹೇಳುವುದು ಸಹಜವಾಗಿ ಒಪ್ಪಿಗೆಯಾಗುತ್ತದೆ. ತಟ್ಟೆಯಲ್ಲಿ ಕೋಶ ಹೆಚ್ಚಿದ್ದನ್ನು ಮಂಡಿಯಲ್ಲಿ ರಜ್ಜು ಗಟ್ಟಿಯಾದದ್ದೆಂದು ಓದುವ ತಪ್ಪಿನ ಬೇರು ನಮ್ಮ ತರಗತಿಯಲ್ಲೇ ಇದೆ.

ಯಾವಾಗ, ಎಷ್ಟು, ಯಾವುದು

ರಜ್ಜು ಹರಿದಾಗ ಆಗುವುದನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಮೊದಲು ರಕ್ತಸ್ರಾವ, ಹೆಪ್ಪು. ಹೆಪ್ಪಿನಲ್ಲಿ ಸಿಕ್ಕಿದ ಪ್ಲೇಟ್‌ಲೆಟ್‌ಗಳು ಒಡೆದು ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಮುಂತಾದವನ್ನು ಬಿಡುಗಡೆ ಮಾಡುತ್ತವೆ. ಬಿಳಿರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಕೆಲವು ದಿನಗಳಲ್ಲಿ ಫೈಬ್ರೊಬ್ಲಾಸ್ಟ್ ಕೋಶಗಳು ಸೇರಿ ವಿಭಜಿಸುತ್ತವೆ, ಹೊಸ ರಕ್ತನಾಳಗಳು ಬರುತ್ತವೆ, ಮೂರನೆಯ ಬಗೆಯ ಸಪೂರ ಕೊಲಾಜೆನ್ ಅಡ್ಡಾದಿಡ್ಡಿಯಾಗಿ ತುಂಬುತ್ತದೆ. ಇದಕ್ಕೆ ವಾರಗಳು ಹಿಡಿಯುತ್ತವೆ. ಆಮೇಲೆ ತಿಂಗಳುಗಟ್ಟಲೆ, ವರ್ಷವನ್ನೂ ದಾಟಿ, ಆ ಅಡ್ಡಾದಿಡ್ಡಿ ಎಳೆಗಳು ಕರಗಿ ಒಂದನೆಯ ಬಗೆಯ ಕೊಲಾಜೆನ್ ಬಲ ಬೀಳುವ ದಿಕ್ಕಿಗೆ ಜೋಡಣೆಯಾಗುತ್ತದೆ. ಕೊನೆಗೂ ಅದು ಮೊದಲಿನ ರಜ್ಜುವಾಗುವುದಿಲ್ಲ. ದಪ್ಪಗಿನ ಗಾಯದ ಕಲೆಯಾಗಿಯೇ ಉಳಿಯುತ್ತದೆ. ದಪ್ಪದಿಂದಾಗಿ ಹೊರೆ ತಾಳುತ್ತದೆ, ಆದರೆ ಅಷ್ಟೇ ಅಗಲದ ಹಳೆಯ ರಜ್ಜುವಿನ ಬಲ ಅದಕ್ಕಿಲ್ಲ.

ಹೀಗೆ ಪ್ರತಿ ಹಂತಕ್ಕೂ ಬೇಕಾದ ಸುದ್ದಿ ಬೇರೆ. ವಿಭಜಿಸು ಎನ್ನುವ ಪಿಡಿಜಿಎಫ್, ಎಫ್‌ಜಿಎಫ್-2 ಒಂದು ಹೊತ್ತಿಗೆ. ಕೊಲಾಜೆನ್ ನೇಯಿ ಎನ್ನುವ ಟಿಜಿಎಫ್-ಬೀಟಾ ಇನ್ನೊಂದು ಹೊತ್ತಿಗೆ. 1996ರಲ್ಲಿ ಇಲಿಯ ಮಂಡಿಯ ಒಳಬದಿಯ ರಜ್ಜುವಿನ ಮೇಲೆ ನಡೆದ ಪ್ರಯೋಗದಲ್ಲಿ, ಗಾಯವಾದ ಮೊದಲ ದಿನದೊಳಗೆ ಪಿಡಿಜಿಎಫ್ ಕೊಟ್ಟಾಗ ರಜ್ಜುವಿನ ಬಲ ಹೆಚ್ಚಿತು. ಎರಡು ದಿನ ಕಳೆದ ಮೇಲೆ ಕೊಟ್ಟಾಗ ಅಷ್ಟು ಫಲ ಸಿಗಲಿಲ್ಲ. ಕರಪತ್ರವಾದರೋ ಗಾಯವಾಗಿ ಎಷ್ಟು ದಿನವಾಯಿತೆಂದು ಕೇಳುವುದೇ ಇಲ್ಲ!

1998ರಲ್ಲಿ ಪಿಟ್ಸ್‌ಬರ್ಗಿನ ವೂ ಅವರ ಗುಂಪು ಮೊಲದ ಅದೇ ರಜ್ಜುವಿನ ಮೇಲೆ ನಡೆಸಿದ ಪ್ರಯೋಗ ನನಗೆ ಬಹಳ ಇಷ್ಟ. ಕಾರಣ, ಸಂಶೋಧಕರ ನಿರೀಕ್ಷೆಗೆ ಅದು ಪೂರ್ತಿ ಮಣಿಯಲಿಲ್ಲ. ಪಿಡಿಜಿಎಫ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ರಜ್ಜು ಹೆಚ್ಚು ಹೊರೆ ತಾಳಿತು. ಕೋಶ ಹೆಚ್ಚಿಸುವ ಪಿಡಿಜಿಎಫ್ ಜೊತೆಗೆ ಕೊಲಾಜೆನ್ ಹೆಚ್ಚಿಸುವ ಟಿಜಿಎಫ್-ಬೀಟಾ ಸೇರಿಸಿದರೆ ಇನ್ನೂ ಚೆನ್ನಾಗಬೇಕಲ್ಲವೇ? ಆಗಲಿಲ್ಲ. ಸೇರಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ತಟ್ಟೆಯಲ್ಲಿ ಎರಡೂ ತಮ್ಮ ತಮ್ಮ ಕೆಲಸ ಮಾಡಿದ್ದವು. ಪ್ರಾಣಿಯಲ್ಲಿ ಎರಡನ್ನು ಕೂಡಿಸಿದರೆ ಎರಡರ ಮೊತ್ತ ಬರಲಿಲ್ಲ.

ಈ ಪ್ರಯೋಗಗಳಿಗೂ ಮಿತಿಯಿದೆ, ಹೇಳಲೇಬೇಕು. ಮೊಲದ ರಜ್ಜುವನ್ನು ಶಸ್ತ್ರಚಿಕಿತ್ಸೆಯಲ್ಲಿ ಸಂಶೋಧಕರೇ ಹರಿಯುವುದರಿಂದ ಗಾಯ ಎಲ್ಲ ಪ್ರಾಣಿಗಳಲ್ಲೂ ಒಂದೇ ಬಗೆ. ಕಬಡ್ಡಿ ಅಂಕಣದಲ್ಲಿ ಹಾಗಿಲ್ಲ. ಇನ್ನೂ ಮುಖ್ಯವಾಗಿ, ಆ ರಜ್ಜು ಮೊಲದಲ್ಲಿ ಏನನ್ನೂ ಕೊಡದಿದ್ದರೂ ಕೂಡುತ್ತದೆ. ತಾನಾಗಿ ವಾಸಿಯಾಗುವುದನ್ನು ಸ್ವಲ್ಪ ಬೇಗ ಅಥವಾ ಗಟ್ಟಿಯಾಗಿ ವಾಸಿಮಾಡಿದರೆಂಬುದು, ವಾಸಿಯಾಗದ್ದನ್ನು ವಾಸಿಮಾಡಿದರೆಂಬುದಕ್ಕೆ ಸಾಕ್ಷಿಯಲ್ಲ.

ಟಿಜಿಎಫ್-ಬೀಟಾ ಬಗ್ಗೆ ಇನ್ನೊಂದು ಮಾತು. ಅದು ಅತಿಯಾದರೆ ಕೊಲಾಜೆನ್ ಬೇಡದಲ್ಲಿ ತುಂಬಿ ಅಂಗಾಂಶ ಗಡುಸಾಗುತ್ತದೆ; ಯಕೃತ್ತು, ಶ್ವಾಸಕೋಶಗಳು ನಾರುಗಟ್ಟುವ ಕಾಯಿಲೆಗಳಲ್ಲಿ ಅದರದೇ ಪಾತ್ರ. ಅದರ ಮೂರನೆಯ ರೂಪವನ್ನು ಚರ್ಮದ ಗಾಯದ ಕಲೆ ತಗ್ಗಿಸಲು ಬ್ರಿಟನ್ನಿನ ಕಂಪನಿಯೊಂದು ಔಷಧವಾಗಿಸಿತ್ತು. ಮೊದಲ ಹಂತಗಳಲ್ಲಿ ಆಸೆ ಹುಟ್ಟಿಸಿದ ಅದು 2011ರಲ್ಲಿ ಮೂರನೆಯ ಹಂತದ ಪರೀಕ್ಷೆಯಲ್ಲಿ ಸೋತಿತು. ಪಿಡಿಜಿಎಫ್ ಮಾತ್ರ 1997ರಲ್ಲಿ ಅಮೆರಿಕದಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೆ ಲೇಪನವಾಗಿ ಒಪ್ಪಿಗೆ ಪಡೆಯಿತು. 2008ರಲ್ಲಿ ಕ್ಯಾನ್ಸರ್ ಸಾವಿನ ಅನುಮಾನದ ಎಚ್ಚರಿಕೆ ಅದರ ಮೇಲೆ ಬಿತ್ತು. ಹೆಚ್ಚಿನ ಮಾಹಿತಿ ಬಂದ ಮೇಲೆ 2018ರಲ್ಲಿ ತೆಗೆಯಲಾಯಿತು. ಕೋಶಕ್ಕೆ ವಿಭಜಿಸು ಎನ್ನುವ ಯಾವುದೇ ವಸ್ತುವಿನ ವಿಷಯದಲ್ಲಿ ಈ ಅನುಮಾನ ನ್ಯಾಯವಾದದ್ದೇ.

ರಕ್ತವಿಲ್ಲವೇ, ಹೆಪ್ಪಿಲ್ಲವೇ?

ಈಗ ಎರಡನೆಯ ಮಾತು. ಅಸ್ಥಿರಜ್ಜುವಿಗೆ ರಕ್ತವಿಲ್ಲ, ಅದಕ್ಕೇ ಕೂಡುವುದಿಲ್ಲ ಎನ್ನುವುದು. ಮಂಡಿಯ ಒಳಬದಿಯ ರಜ್ಜು, ಎಂಸಿಎಲ್, ಬಹುಪಾಲು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕೂಡುತ್ತದೆ ಎಂಬುದೊಂದೇ ಈ ಸಾಮಾನ್ಯೀಕರಣವನ್ನು ಮುರಿಯಲು ಸಾಕು. ಮಂಡಿಯೊಳಗಿನ ಎಸಿಎಲ್ ಹಾಗಲ್ಲ, ನಿಜ. ಆದರೆ ಅದಕ್ಕೂ ರಕ್ತನಾಳಗಳಿವೆ. ಹರಿದಾಗ ಮಂಡಿಯ ತುಂಬ ರಕ್ತ ತುಂಬುವುದು ಎಲ್ಲಿಂದ?

ಬೋಸ್ಟನ್ನಿನ ಮಾರ್ಥಾ ಮರ್ರೆ ಅವರು ಮನುಷ್ಯರ ಹರಿದ ಎಸಿಎಲ್ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಹರಿದ ತುದಿಗಳಲ್ಲಿ ಕೋಶಗಳು ಹೆಚ್ಚಿದ್ದವು, ಹೊಸ ರಕ್ತನಾಳಗಳೂ ಬಂದಿದ್ದವು. ವಾಸಿಯಾಗುವ ಪ್ರಯತ್ನ ನಡೆದೇ ಇತ್ತು. ಇಲ್ಲದ್ದು ಎರಡು ತುದಿಗಳ ನಡುವಿನ ಸೇತುವೆ. ಹೊರಗಿನ ರಜ್ಜುವಿನಲ್ಲಿ ಹೆಪ್ಪು ನಿಂತು, ಅದರ ಮೇಲೆ ಕೋಶಗಳು ನಡೆದುಹೋಗುತ್ತವೆ. ಕೀಲಿನೊಳಗೆ ಸೈನೋವಿಯಲ್ ದ್ರವವಿದೆ, ಫೈಬ್ರಿನ್ ಕರಗಿಸುವ ಕಿಣ್ವಗಳಿವೆ, ಹೆಪ್ಪು ನಿಲ್ಲುವುದಿಲ್ಲ. ಸುದ್ದಿ ಕಳಿಸುವವರಿದ್ದಾರೆ, ಕೇಳುವವರಿದ್ದಾರೆ, ನಡುವೆ ಹಾದಿಯೇ ಇಲ್ಲ.

ಹಾಗಾದರೆ ಬೆಳವಣಿಗೆ ಕಾರಕ ತುಂಬಿದ ದ್ರವವನ್ನು ಚುಚ್ಚಿದರೆ? ಅವರೇ ಹಂದಿಗಳಲ್ಲಿ ಇದನ್ನು ಪರೀಕ್ಷಿಸಿದರು. ಹೊಲಿದ ಎಸಿಎಲ್‌ಗೆ ಬರಿಯ ಪಿಆರ್‌ಪಿ ಸೇರಿಸಿದರೆ ಉಪಯೋಗವಾಗಲಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ರಕ್ತವನ್ನು ಹಿಡಿದಿಡುವ ಕೊಲಾಜೆನ್ ಸ್ಪಂಜು ಇದ್ದಾಗ ಮಾತ್ರ ಫಲ. ಆ ಸ್ಪಂಜನ್ನು ಹಸುವಿನ ಕೊಲಾಜೆನ್‌ನಿಂದ ತಯಾರಿಸಿ, ರೋಗಿಯ ಸ್ವಲ್ಪ ರಕ್ತದಲ್ಲಿ ನೆನೆಸಿ, ಹರಿದ ತುದಿಗಳ ನಡುವೆ ಇಡುವ ವಿಧಾನಕ್ಕೆ 2020ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. 100 ಜನರ ಪರೀಕ್ಷೆಯಲ್ಲಿ ಎರಡು ವರ್ಷಕ್ಕೆ ಅದು ರೂಢಿಯ ಶಸ್ತ್ರಚಿಕಿತ್ಸೆಗಿಂತ ಕೀಳಲ್ಲವೆಂದು ಕಂಡಿತು. ಆದರೆ ಸ್ಪಂಜಿನ 65 ಜನರಲ್ಲಿ 9 ಮಂದಿಗೆ, ರೂಢಿಯ 35 ಜನರಲ್ಲಿ 2 ಮಂದಿಗೆ ಅದೇ ಮಂಡಿಗೆ ಮತ್ತೆ ಎಸಿಎಲ್ ಶಸ್ತ್ರಚಿಕಿತ್ಸೆ ಬೇಕಾಯಿತು. ಈ ವ್ಯತ್ಯಾಸ ಆಕಸ್ಮಿಕವಿರಬಹುದೆಂದು ಗಣಿತ ಹೇಳುತ್ತದೆ. ಇಷ್ಟು ಕಡಿಮೆ ಜನರಲ್ಲಿ ಆಕಸ್ಮಿಕವಲ್ಲವೆಂದು ತೋರಿಸುವುದೂ ಕಷ್ಟ ಎಂಬುದನ್ನು ಸಂಖ್ಯಾಶಾಸ್ತ್ರ ಓದಿದವರು ನೆನೆಯಬೇಕು.

ಚಾಮರಾಜನಗರ ಜಿಲ್ಲೆಯವರಿಗೆ ಇಲ್ಲಿ ಒಂದು ಅಡ್ಡಮಾತು. ಸೇತುವೆಗೆ ರೇಷ್ಮೆಯನ್ನೂ ಪ್ರಯತ್ನಿಸಿದ್ದಾರೆ. 2002ರಲ್ಲಿ ಅಮೆರಿಕದ ಆಲ್ಟ್‌ಮನ್, ಕಪ್ಲಾನ್ ಮುಂತಾದವರು ರೇಷ್ಮೆ ಎಳೆಗಳನ್ನು ಉಕ್ಕಿನ ಹಗ್ಗದಂತೆ ಹುರಿಮಾಡಿ ಎಸಿಎಲ್‌ಗೆ ಹಂದರವಾಗಿಸಿದರು. ಅದಕ್ಕೆ ಮೊದಲು ಎಳೆಯ ಮೇಲಿನ ಸೆರಿಸಿನ್ ಅಂಟನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ದೇಹ ಒಪ್ಪುವುದಿಲ್ಲ. ಅಂಟು ತೆಗೆಯುವ ಕೆಲಸ ಕೊಳ್ಳೇಗಾಲದ ನೇಕಾರರಿಗೆ ಹೇಳಿಕೊಡಬೇಕಾದ್ದಲ್ಲ. ಅದೇ ಗುಂಪು ಆ ಹಂದರದ ಮೇಲೆ ಬೆಳೆಸಿದ ಕೋಶಗಳಿಗೆ ಮೊದಲು ವಿಭಜನೆಯ ಕಾರಕ, ದಿನಗಳ ನಂತರ ಟಿಜಿಎಫ್-ಬೀಟಾ ಎಂದು ಸರದಿಯಂತೆ ಕೊಟ್ಟು ನೋಡಿತು. ಇನ್ನೂ ಪ್ರಯೋಗಶಾಲೆಯ ಮಾತಿದು. ಆದರೂ ಹೊತ್ತು ನೋಡಿ ಕೊಡಬೇಕೆಂಬ ತಿಳಿವಳಿಕೆ ಅಲ್ಲಿದೆ.

ಎಸಿಎಲ್ ಎಂದೂ ಕೂಡದು ಎನ್ನುವ ಮಾತನ್ನೂ ಈಗ ಸ್ವಲ್ಪ ಸಡಿಲಿಸಬೇಕಾಗಿದೆ. ಸ್ವೀಡನ್ನಿನಲ್ಲಿ 121 ಮಂದಿ ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ಗುಂಪಿನ 59 ಜನರಲ್ಲಿ 36 ಜನಕ್ಕೆ ಎರಡು ವರ್ಷದವರೆಗೂ ಎಸಿಎಲ್ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಆ ಗುಂಪಿನ ಎಂಆರ್‌ಐ ಚಿತ್ರಗಳನ್ನು 2022ರಲ್ಲಿ ಮತ್ತೆ ನೋಡಿದಾಗ, ವ್ಯಾಯಾಮದಲ್ಲೇ ಉಳಿದ 30 ಜನರಲ್ಲಿ 16 ಜನರ ರಜ್ಜು ಕೂಡಿದ ಲಕ್ಷಣ ಕಂಡಿತು. ಚಿತ್ರದಲ್ಲಿ ಎಳೆ ಕೂಡಿದಂತೆ ಕಂಡರೆ ಬಲ ಬಂದಿದೆ ಎಂದಲ್ಲ. ಇನ್ನೊಂದೆಡೆ, ಹಳೆಯ ಗಾಯವಾಗಿ ಮಂಡಿ ಜಾರುತ್ತಿದ್ದ 316 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆಯೇ ಮೇಲೆಂದು ಕಂಡಿತು. ಹಾಗಾಗಿ ಯಾವ ಗಾಯ, ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು.

ನಿಮ್ಮದೇ ರಕ್ತ

ಮೂರನೆಯ ಮಾತು ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟುವಂಥದ್ದು. ಸ್ವಂತ ರಕ್ತವಾದ್ದರಿಂದ ದೇಹ ತಿರಸ್ಕರಿಸುವುದಿಲ್ಲ ಎನ್ನುವಷ್ಟು ಸರಿ. ಅಲ್ಲಿಂದ ಗುಣ ಖಚಿತ ಎನ್ನುವುದಕ್ಕೆ ಹಾರಿದ್ದು ಹೇಗೆ?

ಪರೀಕ್ಷಿಸುವ ದಾರಿ ಸರಳ. ಎಲ್ಲ ರೋಗಿಗಳಿಂದಲೂ ರಕ್ತ ತೆಗೆಯಿರಿ. ಚೀಟಿ ಎತ್ತಿದಂತೆ ಅರ್ಧ ಜನರನ್ನು ಆರಿಸಿ ಅವರಿಗೆ ಪಿಆರ್‌ಪಿ, ಉಳಿದವರಿಗೆ ಬರಿಯ ಉಪ್ಪುನೀರು ಅಥವಾ ಬರಿಯ ಸೂಜಿ. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಾಗಬಾರದು. ಹಿಮ್ಮಡಿಯ ಸ್ನಾಯುರಜ್ಜುವಿನ ಹಳೆಯ ನೋವಿಗೆ ಹೀಗೆ ಮಾಡಿದ 54 ಜನರ ಪರೀಕ್ಷೆ 2010ರಲ್ಲಿ, 240 ಜನರದು 2021ರಲ್ಲಿ ಬಂತು. ಅದೇ ರಜ್ಜು ಹರಿದ 230 ಜನರದು 2019ರಲ್ಲಿ. ತೊಡೆಯ ಹಿಂಭಾಗದ ಸ್ನಾಯು ಹರಿದ 80 ಆಟಗಾರರದು 2014ರಲ್ಲಿ. ನಾಲ್ಕರಲ್ಲೂ ಪಿಆರ್‌ಪಿ ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇವೆಲ್ಲ ಸ್ನಾಯುರಜ್ಜು ಮತ್ತು ಸ್ನಾಯುವಿನ ಗಾಯಗಳು, ಅಸ್ಥಿರಜ್ಜುವಿನವಲ್ಲ ಎಂದು ನೀವು ಆಕ್ಷೇಪಿಸಬಹುದು, ನ್ಯಾಯವಾದ ಆಕ್ಷೇಪವೇ. ಅಸ್ಥಿರಜ್ಜುವಿನ ಗಾಯವಾದ ಪಾದದ ಉಳುಕಿಗೆ 2015ರಲ್ಲಿ ಪ್ರಕಟವಾದ ಪರೀಕ್ಷೆಯೂ ಲಾಭ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ನಲವತ್ತಕ್ಕಿಂತ ಕಡಿಮೆ ಜನ. ಅಷ್ಟರ ಮೇಲೆ 'ಪಿಆರ್‌ಪಿ ಎಂದೂ ಕೆಲಸ ಮಾಡದು' ಎಂದು ಬರೆದರೆ ನಾನೂ ಕರಪತ್ರ ಬರೆದಂತಾಗುತ್ತದೆ.

ಪಿಆರ್‌ಪಿ ಪರ ಇರುವವರ ಸಮರ್ಥನೆ ಒಂದಿದೆ: ತಯಾರಿಕೆಯ ಬಗೆ ಬೇರೆ ಬೇರೆ, ಪ್ಲೇಟ್‌ಲೆಟ್ ಸಂಖ್ಯೆ ಬೇರೆ, ಬಿಳಿರಕ್ತಕಣ ಸೇರಿದೆಯೋ ಇಲ್ಲವೋ ಅದೂ ಬೇರೆ, ಆದ್ದರಿಂದ ಒಂದರ ಸೋಲು ಇನ್ನೊಂದರ ಸೋಲಲ್ಲ. ಮಾತು ನಿಜ. ಆದರೆ ಅದೇ ತರ್ಕದಿಂದ ಒಂದರ ಗೆಲುವು ಇನ್ನೊಂದರ ಗೆಲುವೂ ಅಲ್ಲ. ನಮ್ಮ ರಕ್ತದಲ್ಲಿ ಮೈಕ್ರೋಲೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಪಿಆರ್‌ಪಿ ಎನ್ನಲು ಹತ್ತು ಲಕ್ಷವಿರಬೇಕೆಂದು ಒಂದು ವಾಡಿಕೆಯ ಮಟ್ಟವಿದೆ. ಚುಚ್ಚಿದ್ದರಲ್ಲಿ ಎಷ್ಟಿತ್ತೆಂದು ಎಣಿಸಿ ರೋಗಿಗೆ ಬರೆದುಕೊಡುವವರು ಎಷ್ಟು ಜನ? ಇದಲ್ಲದೆ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿ ಕೂಡಿಟ್ಟ ಕಾರಕಗಳ ಬಹುಪಾಲನ್ನು ಹೆಪ್ಪುಗಟ್ಟಿದ ಮೊದಲ ಗಂಟೆಯಲ್ಲೇ ಚೆಲ್ಲುತ್ತವೆ. ತಿಂಗಳುಗಟ್ಟಲೆ ನಡೆಯುವ ನೇಯ್ಗೆಗೆ ಒಂದು ಗಂಟೆಯ ಸುದ್ದಿ ಸಾಕೇ ಎಂದು ಕೇಳುವುದು ತಪ್ಪಲ್ಲ.

ಅರಿಶಿನದ ಗೆಲುವು ಯಾವುದು?

ಗುಂಡ್ಲುಪೇಟೆಯ ನೆಲದಲ್ಲಿ ನಿಂತು ಅರಿಶಿನವನ್ನು ಬಿಟ್ಟು ಗಾಯದ ಮಾತಾಡಲಾಗದು. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ 1995ರಲ್ಲಿ ಅರಿಶಿನದಿಂದ ಗಾಯ ವಾಸಿಮಾಡುವುದರ ಮೇಲೆ ಪೇಟೆಂಟ್ ಸಿಕ್ಕಿತ್ತು. ಭಾರತದ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟು ಹೋರಾಡಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಈ ಕಥೆಯನ್ನು ನಾವು ಶಿಕ್ಷಕರು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದ್ದೇ. ಆದರೆ ಕೊನೆಯಲ್ಲಿ 'ಹೀಗೆ ಅರಿಶಿನದ ಗುಣ ಸಾಬೀತಾಯಿತು' ಎಂದು ಸೇರಿಸುತ್ತೇವಲ್ಲ, ಅಲ್ಲಿ ಎಡವುತ್ತೇವೆ. ಸಾಬೀತಾದದ್ದು ಆ ತಿಳಿವಳಿಕೆ ಹೊಸದಲ್ಲ ಎಂಬುದು. ಹಳೆಯದೆಂದು ತೋರಿಸುವುದು ಬೇರೆ, ಕೆಲಸ ಮಾಡುತ್ತದೆಂದು ತೋರಿಸುವುದು ಬೇರೆ.

ಅರಿಶಿನದ ಕರ್ಕ್ಯುಮಿನ್ ಇಲಿ ಮತ್ತು ಗಿನಿಹಂದಿಗಳ ಚರ್ಮದ ಗಾಯದಲ್ಲಿ ಟಿಜಿಎಫ್-ಬೀಟಾ ಹೆಚ್ಚಿಸಿತೆಂದು 1998ರ ಅಧ್ಯಯನವೊಂದಿದೆ. ಅಲ್ಲಿಗೂ ಬೆಳವಣಿಗೆ ಕಾರಕವೇ ಬಂತು ನೋಡಿ. ಆದರೆ ಅದು ತೆರೆದ ಚರ್ಮದ ಗಾಯ. ಮುಚ್ಚಿದ ಚರ್ಮದ ಕೆಳಗಿರುವ ರಜ್ಜುವಿಗೆ ಲೇಪದಿಂದ ಎಷ್ಟು ತಲುಪೀತು? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ದೇಹದಲ್ಲಿ ಬೇಗ ಒಡೆಯುತ್ತದೆ, ಪ್ರಯೋಗಶಾಲೆಯ ಅನೇಕ ಪರೀಕ್ಷೆಗಳಲ್ಲಿ ಹುಸಿ ಫಲ ತೋರಿಸುವ ಗುಣವೂ ಅದಕ್ಕಿದೆ ಎಂದು 2017ರಲ್ಲಿ ರಸಾಯನವಿಜ್ಞಾನಿಗಳು ವಿವರವಾಗಿ ಬರೆದರು. ಬಿಸಿ ಅರಿಶಿನದ ಲೇಪ ಹಿತವೆನಿಸಿದರೆ ಹಚ್ಚಿಕೊಳ್ಳಲಿ, ನಾನು ಬೇಡವೆನ್ನುವುದಿಲ್ಲ. ಪಿಆರ್‌ಪಿಗೆ ಕೇಳಿದ ಪ್ರಶ್ನೆಯನ್ನು ಅರಿಶಿನಕ್ಕೆ ಕೇಳದೆ ಬಿಡುವುದು ಮಾತ್ರ ಪಕ್ಷಪಾತ.

ಆ ಹುಡುಗಿಯ ಮಂಡಿ

ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: "ಅಣ್ಣ, ಮೊದಲು ಯಾವ ರಜ್ಜು ಹರಿದಿದೆ ಅಂತ ಮೂಳೆ ಡಾಕ್ಟ್ರ ಹತ್ರ ತೋರಿಸಿ. ಅದು ಗೊತ್ತಾಗೋವರೆಗೂ ಚುಚ್ಚುಮದ್ದು ಬೇಡ." ಅವರು ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಪರೀಕ್ಷಿಸಿದ ವೈದ್ಯರು ಒಳಬದಿಯ ರಜ್ಜು ಭಾಗಶಃ ಹರಿದಿದೆ, ಎಸಿಎಲ್ ಗಟ್ಟಿಯಾಗಿದೆ ಎಂದರು. ಬಗ್ಗಿಸಬಹುದಾದ ಪಟ್ಟಿ, ಮತ್ತು ಹಂತಹಂತವಾಗಿ ವ್ಯಾಯಾಮ. ಉಳುಕು ತೆಗೆಯುವವರು ಹಾಕಿದ್ದ ಬಿಗಿ ಕಟ್ಟನ್ನು ಮೊದಲು ಬಿಚ್ಚಿಸಿದರಂತೆ.

ಅದಕ್ಕೂ ಕಾರಣವಿದೆ. ಮೊಲದ ಮಂಡಿಯನ್ನು ಒಂಬತ್ತು ವಾರ ಅಲುಗದಂತೆ ಕಟ್ಟಿಟ್ಟಾಗ, ಗಾಯವೇ ಇಲ್ಲದ ರಜ್ಜುವಿನ ಬಲವೂ ಸುಮಾರು ಮೂರನೇ ಒಂದಕ್ಕೆ ಇಳಿದದ್ದನ್ನು ವೂ ಅವರ ಗುಂಪು 1987ರಲ್ಲೇ ತೋರಿಸಿತ್ತು. ರಜ್ಜುವಿನ ಕೋಶಗಳು ಎಳೆತವನ್ನು ಗ್ರಹಿಸುತ್ತವೆ. ಟಿಜಿಎಫ್-ಬೀಟಾ ಮಾತೃಕೆಯಲ್ಲಿ ನಿದ್ರಿಸುವ ರೂಪದಲ್ಲಿ ಸಂಗ್ರಹವಾಗಿರುತ್ತದೆ; ಕೋಶ ಅದನ್ನು ಹಿಡಿದು ಎಳೆದಾಗ ಎಚ್ಚರವಾಗುವುದುಂಟು. ಬೆಳವಣಿಗೆ ಕಾರಕ ಬೇಕೆಂದರೆ ಹಣ ಕೊಟ್ಟು ಚುಚ್ಚಿಸಿಕೊಳ್ಳುವುದೊಂದೇ ದಾರಿಯಲ್ಲ. ಹಿತಮಿತವಾಗಿ ಮಂಡಿ ಆಡಿಸಿದರೂ ರಜ್ಜು ತನ್ನ ಉಗ್ರಾಣವನ್ನು ತಾನೇ ತೆರೆಯುತ್ತದೆ. ಎಷ್ಟು ಹಿತ, ಎಷ್ಟು ಮಿತ ಎಂಬುದನ್ನು ವ್ಯಾಯಾಮ ಚಿಕಿತ್ಸಕರು ಹೇಳಬೇಕು. ನೋವು ಸಹಿಸಿ ಓಡಿಸುವ ನಮ್ಮ ಕೆಲವು ತರಬೇತುದಾರರಲ್ಲ.

ಹುಡುಗಿ ಮೂರು ತಿಂಗಳ ನಂತರ ಅಂಕಣಕ್ಕೆ ಮರಳಿದಳು. ಅವಳಿಗೆ ಚುಚ್ಚುಮದ್ದು ಕೊಡಿಸಿದ್ದರೂ ಮರಳುತ್ತಿದ್ದಳು, ಮತ್ತು ಎಲ್ಲರೂ ಚುಚ್ಚುಮದ್ದಿನಿಂದಲೇ ಎನ್ನುತ್ತಿದ್ದರು. ಮನೆಯವರಂತೂ ಈಗಲೂ ಅರಿಶಿನದಿಂದಲೇ ಎನ್ನುತ್ತಾರೆ. ಅವಳು ಮಾತ್ರ ಒಮ್ಮೆ ನನ್ನನ್ನು ಕೇಳಿದಳು: "ಸಾರ್, ಏನೂ ಮಾಡ್ದೆ ಇದ್ದಿದ್ರೆ ಎಷ್ಟು ದಿನ ಹಿಡೀತಿತ್ತು?"

ಕರಪತ್ರ ಇನ್ನೂ ನನ್ನ ಬಳಿ ಇದೆ. ಅಂಗಾಂಶಗಳ ಪಾಠ ಬಂದಾಗ ಅದನ್ನು ಕಪ್ಪುಹಲಗೆಯ ಪಕ್ಕ ಅಂಟಿಸಿ, ಪ್ರತಿ ವಾಕ್ಯದ ಎದುರು 'ಯಾವ ಪ್ರಾಣಿಯಲ್ಲಿ? ಯಾವ ರಜ್ಜು? ಯಾರೊಂದಿಗೆ ಹೋಲಿಸಿ?' ಎಂದು ಬರೆಯಲು ಮಕ್ಕಳಿಗೆ ಹೇಳುತ್ತೇನೆ. ಕಳೆದ ಸಲ ಒಬ್ಬ ಹುಡುಗ ಪಠ್ಯಪುಸ್ತಕವನ್ನೂ ತೆರೆದು ಅದರ ಪಕ್ಕವೇ ಇಟ್ಟುಕೊಂಡ.